ಹಣ ಕೊಟ್ಟವರಿಗೆ ಮಾತಿನ ಮೇಲೆ ಎಷ್ಟು ಹಕ್ಕು?

ಬೀದಿನಾಟಕ ತಂಡಗಳು ಬಾಗಲಕೋಟೆಯ ನನ್ನ ಕಚೇರಿಗೆ ಕರಾರುಪತ್ರ ತಂದಾಗ, ಮೊತ್ತ ನೋಡುವ ಮುನ್ನ ನಾನು ಹುಡುಕುವುದು ಸಂಭಾಷಣೆಗೆ ಪೂರ್ವಾನುಮೋದನೆ ಕೇಳುವ ಷರತ್ತನ್ನು. ವ್ಯಾಜ್ಯಗಳು ಹೆಚ್ಚಾಗಿ ಹುಟ್ಟುವುದೇ ಅಲ್ಲಿ.

ಈಚೆಗೆ ಮುಧೋಳ ಕಡೆಯ ತಂಡವೊಂದಕ್ಕೆ ಸಕ್ಕರೆ ಕಾರ್ಖಾನೆಯೊಂದು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಸ್ವಚ್ಛತೆಯ ನಾಟಕ ಆಡಲು ಹೇಳಿತು. ನಟರೆಲ್ಲ ಕಬ್ಬು ಬೆಳೆಯುವ ಮನೆಯವರು. ಒಂದು ಊರಿನಲ್ಲಿ ಅಜ್ಜನ ಪಾತ್ರಧಾರಿ, ‘ಶೌಚಾಲಯ ಕಟ್ಟಿಸೋಣ, ಮೊದಲು ಕಬ್ಬಿನ ಬಿಲ್ಲು ಬರಲಿ. ಹದಿನಾಲ್ಕು ದಿನದಲ್ಲಿ ಕೊಡಬೇಕಂತಲ್ಲ!’ ಎಂದುಬಿಟ್ಟ. ಚಪ್ಪಾಳೆ ಬಿತ್ತು, ಎರಡನೆಯ ಕಂತು ನಿಂತಿತು. ಅವನು ಆಡಿದ್ದು ಸುಳ್ಳಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಕಬ್ಬು ತಲುಪಿದ 14 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ.

‘ಇದು ರಾಜಕೀಯ, ಸಿಎಸ್‌ಆರ್ ನಿಯಮ ಒಪ್ಪುವುದಿಲ್ಲ’ ಎಂದರು ಕಾರ್ಖಾನೆಯ ಅಧಿಕಾರಿ. ರಾಜಕೀಯ ಪಕ್ಷಕ್ಕೆ ಕೊಟ್ಟ ಹಣ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಎನ್ನುವುದು ನಿಜ. ರೈತನ ಬಾಕಿಯ ಮಾತು ಯಾವ ಪಕ್ಷಕ್ಕೂ ದೇಣಿಗೆಯಾಗದು. ಗೀಗೀ ಪದ ಹಾಡಿ ಬ್ರಿಟಿಷರನ್ನು ಎದುರಿಸಿದ ಸೀಮೆಯಲ್ಲಿ ಇಷ್ಟಕ್ಕೇ ಹೆದರುವುದೇ?

ಆದರೆ ಪೂರ್ವಾನುಮೋದನೆಯ ಷರತ್ತು ಕರಾರಿನಲ್ಲಿತ್ತು, ಸಹಿ ಹಾಕಿದ್ದು ಕಾರ್ಖಾನೆಗೂ ತಂಡಕ್ಕೂ ನಡುವೆ ನಿಂತ ಟ್ರಸ್ಟು. ಕಂಪನಿಯ ಪರವಾಗಿ ಸಿಎಸ್‌ಆರ್ ಕಾರ್ಯಕ್ರಮ ನಡೆಸುವ ಸಂಸ್ಥೆ ಸಿಎಸ್‌ಆರ್-1 ಎಂಬ ಸರಕಾರಿ ನೋಂದಣಿ ಪಡೆದಿರಬೇಕು. ಸಣ್ಣ ಮೇಳಗಳಿಗೆ ಅದು ಎಲ್ಲಿಂದ ಬರಬೇಕು? ಹೀಗೆ ಬೀದಿಯಲ್ಲಿ ಆಡುವವರು ಒಬ್ಬರು, ಅವರ ಬಾಯಿಗೆ ಬೀಗ ಒಪ್ಪಿಕೊಳ್ಳುವವರು ಇನ್ನೊಬ್ಬರು. ನನಗೆ ಸಿಟ್ಟು ಬರುವುದು ಇಲ್ಲಿಯೇ.

ನಾಟಕ ಬರೆದವನೇ ಅದರ ಮೊದಲ ಒಡೆಯ ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆ. ಹಕ್ಕು ಬಿಟ್ಟುಕೊಟ್ಟಿದ್ದರೆ ಅದಕ್ಕೆ ಸಹಿಯಿರುವ ಪತ್ರ ಬೇಕು; ಅವಧಿ ಬರೆಯದಿದ್ದರೆ 5 ವರ್ಷ ಮಾತ್ರ. ಚಿತ್ರಕಾರರ ಸ್ಥಿತಿ ಇನ್ನೂ ನಾಜೂಕು. ಹಣ ಕೊಟ್ಟು ಬರೆಸಿದ ಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರೇ ಒಡೆಯರು. ಆಗಲೂ ಅದೇ ಕಾಯ್ದೆಯ 57ನೇ ಕಲಂ ಕೈಬಿಡುವುದಿಲ್ಲ: ಗೌರವಕ್ಕೆ ಧಕ್ಕೆಯಾಗುವಂತೆ ಕೃತಿಯನ್ನು ತಿರುಚಿದರೆ ಕಲಾವಿದ ತಡೆಯಬಹುದು. ದೆಹಲಿಯ ವಿಜ್ಞಾನ ಭವನಕ್ಕೆಂದು ಸರಕಾರವೇ ಶಿಲ್ಪಿ ಅಮರನಾಥ ಸೆಹಗಲ್ ಅವರಿಂದ ಮಾಡಿಸಿದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತುಹಾಕಲಾಯಿತು. 2005ರಲ್ಲಿ ದೆಹಲಿ ಹೈಕೋರ್ಟ್, ಉಳಿದ ಭಾಗಗಳನ್ನು ಅವರಿಗೇ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು.

ಹಣ ಕೊಡುವವರು ಬ್ಯಾನರಿನಿಂದ ತಮ್ಮ ಹೆಸರು ತೆಗೆಸಲಿ, ಮುಂದಿನ ವರ್ಷ ಬೇರೆ ತಂಡವನ್ನು ಕರೆಯಲಿ. ಅದು ಅವರ ಹಕ್ಕು. ಆಡಿ ಮುಗಿಸಿದ ಪ್ರದರ್ಶನದ ಹಣ ತಡೆಹಿಡಿಯುವುದನ್ನು ಮಾತ್ರ ನಾನು ಒಪ್ಪಲಾರೆ. ಆದ್ದರಿಂದ ಕಂತುಗಳು ಪ್ರದರ್ಶನಗಳ ಸಂಖ್ಯೆಯ ಮೇಲೆ ಬರುವಂತೆ ಬರೆಸಿ. ‘ತೃಪ್ತಿಕರವಾಗಿ ಮುಗಿದ ಮೇಲೆ’ ಎಂದಿದ್ದರೆ ಹೊಡೆದುಹಾಕಿಸಿ. ಪೂರ್ವಾನುಮೋದನೆಯ ಜಾಗದಲ್ಲಿ ‘ಕಥಾವಸ್ತುವನ್ನು ಮೊದಲೇ ತಿಳಿಸುತ್ತೇವೆ’ ಎಂದಿದ್ದರೆ ಸಾಕು. ಟ್ರಸ್ಟು ಮಾಡಿಕೊಂಡ ಕರಾರಿನ ಪ್ರತಿ ಕೇಳಿ ಪಡೆಯಿರಿ. ಕೊಡಲು ಹಿಂದೇಟು ಹಾಕಿದರೆ, ಮೊದಲ ಪ್ರದರ್ಶನದ ದಿನ ಗೊತ್ತುಮಾಡುವ ಮುನ್ನವೇ ವಕೀಲರನ್ನು ಕಾಣಿರಿ.