ಏಷ್ಯಾನೆಟ್, ಕಲರ್ಸ್ ಕನ್ನಡ, ಜಿಯೋ ಸಿಮ್: ಎಲ್ಲಾ ಒಬ್ಬರದ್ದೇನಾ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರೊಬ್ಬರ ಪ್ರಶ್ನೆ: "ಮನೆಯಲ್ಲಿ ಅಮ್ಮ ಕಲರ್ಸ್ ಕನ್ನಡ ನೋಡುತ್ತಾರೆ. ಮಕ್ಕಳಿಗೆ ಏಷ್ಯಾನೆಟ್ ಬೇಕು. ನನ್ನ ಸಿಮ್ ಜಿಯೋ. ಮೂರೂ ಈಗ ಒಂದೇ ಕಂಪನಿ ಅಂತಾರೆ, ನಿಜವಾ? ಹಾಗಾದರೆ ನಮ್ಮಲ್ಲಿ ಕನ್ನಡ ಚಾನೆಲ್‌ಗೆ ಬೇರೆ ದುಡ್ಡು ಯಾಕೆ?"

ಮುಕ್ಕಾಲು ನಿಜ. ಏಷ್ಯಾನೆಟ್, ಸ್ಟಾರ್ ಸುವರ್ಣ, ಕಲರ್ಸ್ ಕನ್ನಡ ಮೂರೂ ಈಗ ಜಿಯೋಸ್ಟಾರ್ ಕಂಪನಿಯ ಚಾನೆಲ್‌ಗಳು. ಅಲ್ಲಿ ರಿಲಯನ್ಸ್‌ನದ್ದೇ ಮೇಲುಗೈ, ಆದರೆ ಅಮೆರಿಕದ ಡಿಸ್ನಿಗೂ 36.84% ಪಾಲಿದೆ. ಸಿಮ್ ಕೊಡುವ ಜಿಯೋ ರಿಲಯನ್ಸ್‌ನ ಇನ್ನೊಂದು ಕಂಪನಿ, ಅದರ ಲೆಕ್ಕ ಬೇರೆ.

ಇವೆಲ್ಲ ಒಂದೇ ಮನೆ ಸೇರಿದ್ದು ಸುತ್ತುದಾರಿಯಲ್ಲಿ. ಮಲಯಾಳದ ಏಷ್ಯಾನೆಟ್ ಶುರುವಾದದ್ದು 1993ರಲ್ಲಿ, ಪತ್ರಕರ್ತ ಶಶಿಕುಮಾರ್ ಮುಂದಾಳತ್ವದಲ್ಲಿ. 2007ರಲ್ಲಿ ಅದೇ ಕಂಪನಿ ಕನ್ನಡಕ್ಕೆ ಏಷ್ಯಾನೆಟ್ ಸುವರ್ಣ (ಈಗಿನ ಸ್ಟಾರ್ ಸುವರ್ಣ) ತಂದಿತು. ಮರುವರ್ಷ ಮಾಧ್ಯಮ ಉದ್ಯಮಿ ಮರ್ಡೋಕ್ ಅವರ ಸ್ಟಾರ್ ಈ ಚಾನೆಲ್‌ಗಳ 51% ಪಾಲಿಗೆ ಕೈ ಹಾಕಿತು. 2019ರಲ್ಲಿ ಸ್ಟಾರ್ ಡಿಸ್ನಿಯ ಪಾಲಾಯಿತು. ಅತ್ತ ರಾಮೋಜಿ ರಾವ್ 2000ದಲ್ಲಿ ಶುರು ಮಾಡಿದ ಈಟಿವಿ ಕನ್ನಡ, ರಿಲಯನ್ಸ್ ಹಣ ಹಾಕಿದ್ದ ಟಿವಿ18ರ ಕೈಗೆ ಹೋಗಿ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ಬಿಗ್ ಬಾಸ್ ಕನ್ನಡದ ಮೊದಲ ಸೀಸನ್ ಈಟಿವಿಯಲ್ಲಿ, ಎರಡನೆಯದು ಸುವರ್ಣದಲ್ಲಿ, ಮೂರನೆಯದು ಕಲರ್ಸ್‌ನಲ್ಲಿ ಬಂದದ್ದು ನೆನಪಿದೆಯಾ? ಆಗ ಅವರು ಎದುರಾಳಿಗಳು.

ಇನ್ನು ಫೋನಿನ ಕತೆ. ಬಟ್ಟೆ ವ್ಯಾಪಾರದಿಂದ ಬೆಳೆದ ರಿಲಯನ್ಸ್ 2002ರಲ್ಲೇ ಮೊಬೈಲ್‌ಗೆ ಇಳಿದಿತ್ತು. 2005ರಲ್ಲಿ ಅಂಬಾನಿ ಅಣ್ಣತಮ್ಮಂದಿರು ಪಾಲಾದಾಗ ಫೋನ್ ತಮ್ಮ ಅನಿಲ್‌ಗೆ ಹೋಯಿತು. ಅಣ್ಣ ಮುಕೇಶ್ 2010ರಲ್ಲಿ ಇನ್ಫೋಟೆಲ್ ಎಂಬ ಕಂಪನಿ ಕೊಂಡರು. ದೇಶದ 22 ಸರ್ಕಲ್‌ಗಳಲ್ಲೂ (ಫೋನ್ ಸೇವೆಗೆ ದೇಶವನ್ನು ಹಂಚಿದ ವಲಯಗಳು) ಬ್ರಾಡ್‌ಬ್ಯಾಂಡ್ ತರಂಗಾಂತರ ಗೆದ್ದಿದ್ದದ್ದು ಅದೊಂದೇ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು.

ನಮ್ಮ ಕಡೆಯವರಿಗೆ ಅದರಲ್ಲಿ ಪುಕ್ಕಟೆ ಡೇಟಾಗಿಂತ ದೊಡ್ಡ ಲಾಭ ಬೇರೆ ಇತ್ತು ಅಂತ ನನ್ನ ಲೆಕ್ಕ. ಕಾಸರಗೋಡು ಕೇರಳ ಸರ್ಕಲ್, ಮಂಗಳೂರು ಕರ್ನಾಟಕ ಸರ್ಕಲ್. ಆಸ್ಪತ್ರೆ, ಕಾಲೇಜು, ಮದುವೆ ಜವಳಿ, ಎಲ್ಲದಕ್ಕೂ ಓಡುವುದು ಮಂಗಳೂರಿಗೆ. ಆಗೆಲ್ಲ ಗಡಿಯ ತಲಪಾಡಿ ದಾಟಿದರೆ ರೋಮಿಂಗ್, ಬಂದ ಕರೆಗೂ ದುಡ್ಡು. ಅದಕ್ಕೇ ಎಷ್ಟೋ ಜನ ಎರಡು ಸಿಮ್ ಇಟ್ಟುಕೊಳ್ಳುತ್ತಿದ್ದರು. ಜಿಯೋ ದೇಶದೊಳಗೆ ರೋಮಿಂಗ್ ಶುಲ್ಕವೇ ಇಲ್ಲ ಎಂದಿತು. 2017ರ ಏಪ್ರಿಲ್‌ನಿಂದ ಏರ್‌ಟೆಲ್ ಕೂಡ ತೆಗೆಯಿತು.

ಫೋನ್ ಕಂಪನಿಗೆ ಟಿವಿ ಯಾಕೆ ಬೇಕು? ಟವರ್ ಹಾಕಿದ ಮೇಲೆ ಜನ ಡೇಟಾ ಬಳಸಬೇಕು, ಅದಕ್ಕೆ ನೋಡಲು ಏನಾದರೂ ಬೇಕು. ಅದರಲ್ಲೂ ಕ್ರಿಕೆಟ್. 2023ರಿಂದ 27ರವರೆಗಿನ ಐಪಿಎಲ್ ಹರಾಜಿನಲ್ಲಿ ಭಾರತದ ಟಿವಿ ಹಕ್ಕಿಗೆ ಸ್ಟಾರ್ 23,575 ಕೋಟಿ ಕೊಟ್ಟಿತು. ಮೊಬೈಲ್ ಮತ್ತು ಇಂಟರ್ನೆಟ್ ಹಕ್ಕಿಗೆ ಕಲರ್ಸ್ ನಡೆಸುತ್ತಿದ್ದ, ರಿಲಯನ್ಸ್ ಕಡೆಯ ವಯಾಕಾಮ್18 ಹೆಚ್ಚುಕಡಿಮೆ ಅಷ್ಟೇ ಸುರಿಯಿತು, ಆಮೇಲೆ ಜಿಯೋಸಿನಿಮಾದಲ್ಲಿ ಪುಕ್ಕಟೆ ತೋರಿಸಿತು! ಒಬ್ಬ ದುಡ್ಡಿಗೆ ಮಾರುವುದನ್ನು ಇನ್ನೊಬ್ಬ ಸುಮ್ನೆ ಹಂಚಿದರೆ ಜಗಳ ಎಷ್ಟು ದಿನ ನಡೆದೀತು? 2024ರ ನವೆಂಬರ್‌ನಲ್ಲಿ ಎರಡೂ ಒಂದಾದವು. ಒಪ್ಪಂದದಲ್ಲಿ ಕಟ್ಟಿದ ಬೆಲೆ 70,352 ಕೋಟಿ. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಸ್ಟಾರ್ ಕಡೆಯ ಹಾಟ್‌ಸ್ಟಾರ್ ಆಪ್‌ಗಳೆರಡೂ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು.

ಒಂದು ಗೊಂದಲ ಜಾಸ್ತಿ ಜನಕ್ಕಿದೆ. ಏಷ್ಯಾನೆಟ್ ನ್ಯೂಸ್, ಸುವರ್ಣ ನ್ಯೂಸ್ ಇದರಲ್ಲಿ ಸೇರಿಲ್ಲ. ಸ್ಟಾರ್ ಕೊಂಡದ್ದು ಮನರಂಜನೆ ಚಾನೆಲ್ ಮಾತ್ರ. ಸುದ್ದಿ ಚಾನೆಲ್‌ಗಳು ಏಷ್ಯಾನೆಟ್‌ನ ಆಗಿನ ಮಾಲೀಕ ರಾಜೀವ್ ಚಂದ್ರಶೇಖರ್ ಅವರ ಗುಂಪಿನಲ್ಲೇ ಉಳಿದವು. ಹೆಸರು ಒಂದೇ, ಮಾಲೀಕರು ಬೇರೆ.

ಈಗ ಬೇರೆ ದುಡ್ಡಿನ ಮಾತು. ಒಬ್ಬರೇ ಎರಡು ಭಾಷೆಯಲ್ಲಿ ಚಾನೆಲ್ ನಡೆಸುವುದು ಹೊಸದಲ್ಲ, ಕನ್ನಡದ ಉದಯ ಮತ್ತು ಮಲಯಾಳದ ಸೂರ್ಯ ಎರಡೂ ಸನ್ ಗುಂಪಿನವೇ ಅಲ್ವಾ? ಆದರೆ ಚಾನೆಲ್ ಕಟ್ಟುಗಳನ್ನು (ಪ್ಯಾಕ್) ಮಾಡುವುದು ಭಾಷೆಯ ಲೆಕ್ಕದಲ್ಲಿ. ಕೇರಳದ ಪ್ಯಾಕ್‌ನಲ್ಲಿ ಮಲಯಾಳ ತುಂಬಿರುತ್ತದೆ. ಗಡಿಯ ಈಚೆಗೆ ಕನ್ನಡ ನೋಡುವವರು ಇದ್ದಾರೆ ಎಂಬುದು ಆ ಲೆಕ್ಕಕ್ಕೆ ಸಿಗುವುದಿಲ್ಲ. ಟೆಲಿಕಾಂ ಮತ್ತು ಟಿವಿ ಸೇವೆಗಳ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2019ರ ನಿಯಮದಂತೆ ಯಾವ ಚಾನೆಲನ್ನೂ ಬಿಡಿಯಾಗಿ ಕೇಳಿ ಪಡೆಯಬಹುದು, ಬೇಡದ್ದನ್ನು ತೆಗೆಸಲೂಬಹುದು. ಇಡೀ ಕನ್ನಡ ಪ್ಯಾಕ್ ಹಾಕಿಸುವ ಮೊದಲು ಅಮ್ಮ ನಿಜವಾಗಿ ನೋಡುವ ಚಾನೆಲ್ ಯಾವುದೆಂದು ಕೇಳಿ, ಅದನ್ನಷ್ಟೇ ಬಿಡಿಯಾಗಿ ಹಾಕಿಕೊಡಲು ನಿಮ್ಮ ಕೇಬಲ್‌ನವರಿಗೋ ಡಿಟಿಎಚ್‌ನವರಿಗೋ ಹೇಳಿ.