ಬ್ಯಾಡ್ ಸೆಕ್ಟರ್: ಡಿಸ್ಕ್ ಓದಲಾರದೆ ನಿಂತುಬಿಡುವ ಜಾಗ

ಕಂಪ್ಯೂಟರ್ ಆನ್ ಆಗುತ್ತದೆ, ಫ್ಯಾನ್ ತಿರುಗುತ್ತದೆ, ಲೋಗೋನೂ ಬರುತ್ತದೆ. ಅಲ್ಲಿಂದ ಮುಂದೆ ಹೋಗುವುದಿಲ್ಲ. ವಿಂಡೋಸ್‌ನ ಚುಕ್ಕೆಗಳು ಸುತ್ತುತ್ತಲೇ ಇರುತ್ತವೆ. ಇಲ್ಲವೇ 'ಆಟೋಮ್ಯಾಟಿಕ್ ರಿಪೇರಿ' ಅಂತ ಬಂದು, ರೀಸ್ಟಾರ್ಟ್ ಆಗಿ, ಮತ್ತೆ ಅದೇ ಪರದೆಗೆ ಬಂದು ನಿಲ್ಲುತ್ತದೆ. ತಿಳಿದವರನ್ನು ಕೇಳಿದರೆ 'ಡಿಸ್ಕ್‌ನಲ್ಲಿ ಬ್ಯಾಡ್ ಸೆಕ್ಟರ್ ಬಂದಿರಬೇಕು' ಅನ್ನುತ್ತಾರೆ. ಹಾಗಂದರೆ ಏನು ಅಂತ ಸರಿಯಾಗಿ ತಿಳಿದುಕೊಂಡರೆ, ಒಳಗಿರುವ ಫೋಟೋ, ಕಡತಗಳನ್ನು ಉಳಿಸಿಕೊಳ್ಳುವ ದಾರಿಯೂ ಗೊತ್ತಾಗುತ್ತದೆ.

ಹಾರ್ಡ್ ಡಿಸ್ಕ್ ತನ್ನ ಜಾಗವನ್ನೆಲ್ಲ ಸಣ್ಣ ಸಣ್ಣ ತುಂಡುಗಳಾಗಿ ಮಾಡಿಕೊಂಡಿರುತ್ತದೆ. ಒಂದೊಂದು ತುಂಡೂ ಒಂದು ಸೆಕ್ಟರ್. ಹಳೆಯ ಡಿಸ್ಕ್‌ಗಳಲ್ಲಿ ಅದರ ಅಳತೆ 512 ಬೈಟ್, ಈಗಿನ ಹೆಚ್ಚಿನವುಗಳಲ್ಲಿ 4096 ಬೈಟ್. 1 ಟೆರಾಬೈಟ್ ಡಿಸ್ಕ್ ಅಂದರೆ 4096ರ ಲೆಕ್ಕದಲ್ಲಿ ಸುಮಾರು 24 ಕೋಟಿ ಸೆಕ್ಟರ್‌ಗಳು. ಪ್ರತಿ ಸೆಕ್ಟರ್‌ನ ಜೊತೆಗೂ ಇಸಿಸಿ ಎಂಬ ತಪ್ಪು ತಿದ್ದುವ ಸಂಕೇತ ಇರುತ್ತದೆ. ಓದುವಾಗ ಅಲ್ಲೊಂದು ಇಲ್ಲೊಂದು ಬಿಟ್ ತಪ್ಪಿದರೆ ಡಿಸ್ಕ್ ಅದನ್ನು ನೋಡಿಕೊಂಡು ತಾನೇ ಸರಿಮಾಡುತ್ತದೆ. ಚೆನ್ನಾಗಿರುವ ಡಿಸ್ಕ್‌ನಲ್ಲೂ ಈ ಕೆಲಸ ನಡೆಯುತ್ತಲೇ ಇರುತ್ತದೆ. ತಪ್ಪುಗಳು ತಿದ್ದಲಾಗದಷ್ಟು ಜಾಸ್ತಿಯಾದ ಸೆಕ್ಟರ್ ಇದೆಯಲ್ಲ, ಅದೇ ಬ್ಯಾಡ್ ಸೆಕ್ಟರ್.

ಇದರಲ್ಲಿ ಎರಡು ಬಗೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಡೇಟಾಕ್ಕೂ ಇಸಿಸಿಗೂ ತಾಳೆಯಾಗದೆ ಹೋಗಬಹುದು. ಆಗ ಜಾಗ ಚೆನ್ನಾಗಿಯೇ ಇರುತ್ತದೆ, ಅಲ್ಲಿ ಬರೆದದ್ದು ಮಾತ್ರ ಕೆಟ್ಟಿರುತ್ತದೆ. ಇನ್ನೊಂದು ಬಗೆಯಲ್ಲಿ ಡಿಸ್ಕ್‌ನೊಳಗೆ ಡೇಟಾ ಇರುವ ತಟ್ಟೆಯ ಮೇಲ್ಮೈಯೇ ಹಾಳಾಗಿರುತ್ತದೆ. ಡಿಸ್ಕ್ ಕೆಳಗೆ ಬಿದ್ದು, ಓದುವ-ಬರೆಯುವ ಭಾಗವಾದ ಹೆಡ್ ತಾಗಿದ್ದಿರಬಹುದು, ಸವೆದದ್ದಿರಬಹುದು. ಇದು ಸರಿಹೋಗುವಂಥದ್ದಲ್ಲ.

ಡಿಸ್ಕ್ ತಯಾರಿಸುವವರು ಒಂದಷ್ಟು ಸೆಕ್ಟರ್‌ಗಳನ್ನು ಬಿಡಿಯಾಗಿ ಇಟ್ಟಿರುತ್ತಾರೆ. ಕೆಟ್ಟ ಸೆಕ್ಟರ್‌ನ ಬದಲಿಗೆ ಡಿಸ್ಕ್ ಅವುಗಳಲ್ಲೊಂದನ್ನು ಬಳಸಿಕೊಳ್ಳುತ್ತದೆ. ಇದಕ್ಕೆ ರೀಅಲೊಕೇಶನ್ ಅನ್ನುತ್ತಾರೆ. ಹಾಗಿದ್ದರೆ ಚಿಂತೆ ಯಾಕೆ, ಅಲ್ವಾ? ತೊಡಕು ಇರುವುದು ಇಲ್ಲೇ. ಓದಲಾಗದ ಸೆಕ್ಟರ್‌ನಲ್ಲಿ ಏನಿತ್ತು ಅನ್ನುವುದು ಡಿಸ್ಕ್‌ಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬೇರೆ ಕಡೆ ಬರೆಯುವುದು ಹೇಗೆ? ಹಾಗಾಗಿ ಅದು ಆ ಸೆಕ್ಟರನ್ನು 'ಪೆಂಡಿಂಗ್' ಪಟ್ಟಿಗೆ ಸೇರಿಸಿ ಸುಮ್ಮನಾಗುತ್ತದೆ. ಸಾಮಾನ್ಯವಾಗಿ ಆ ಜಾಗಕ್ಕೆ ಯಾರಾದರೂ ಹೊಸದಾಗಿ ಏನಾದರೂ ಬರೆದಾಗಲೇ ಅದರ ತೀರ್ಮಾನ. ಬರೆದದ್ದು ಸರಿಯಾಗಿ ಕೂತರೆ ಹೆಸರು ಪಟ್ಟಿಯಿಂದ ಹೋಗುತ್ತದೆ, ಕೂರದಿದ್ದರೆ ಬದಲಿ ಸೆಕ್ಟರ್ ಬರುತ್ತದೆ. ಎರಡರಲ್ಲಿ ಯಾವುದಾದರೂ ಅಲ್ಲಿದ್ದ ಹಳೆಯ ಡೇಟಾ ಮಾತ್ರ ಹೋದ ಹಾಗೆಯೇ.

24 ಕೋಟಿಯಲ್ಲಿ ಬೆರಳೆಣಿಕೆಯಷ್ಟು ಕೆಟ್ಟರೆ ಇಡೀ ಕಂಪ್ಯೂಟರ್ ಯಾಕೆ ನಿಲ್ಲಬೇಕು? ಅದು ಯಾವ ಸೆಕ್ಟರ್ ಅನ್ನುವುದರ ಮೇಲೆ ಹೋಗುತ್ತದೆ. ಹಳೆಯ ಫೋಟೋ ಇದ್ದ ಜಾಗವಾದರೆ ಆ ಫೋಟೋ ಮಾತ್ರ ತೆರೆಯುವುದಿಲ್ಲ. ಬೂಟ್ ಆಗಲು ಬೇಕಾದ ಫೈಲ್, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿ, ಯಾವ ಫೈಲ್ ಎಲ್ಲಿದೆ ಎಂದು ಹೇಳುವ ಕೋಷ್ಟಕ ಇವುಗಳ ಜಾಗವಾದರೆ ಸಿಸ್ಟಮ್ ಏಳುವುದೇ ಇಲ್ಲ. ಡಿಸ್ಕ್ ಮೊದಲ ಸಲಕ್ಕೇ ಸೋಲು ಒಪ್ಪುವುದೂ ಇಲ್ಲ. ನಿಮಿಷಕ್ಕೆ 7200 ಸುತ್ತಿನ ಡಿಸ್ಕ್‌ನಲ್ಲಿ ಒಂದು ಸುತ್ತಿಗೆ 8 ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ಮತ್ತೆ ಓದಬೇಕಾದರೆ ಆ ಸೆಕ್ಟರ್ ಇನ್ನೊಂದು ಸುತ್ತು ತಿರುಗಿ ಹೆಡ್‌ನ ಕೆಳಗೆ ಬರಬೇಕು. ಡಿಸ್ಕ್ ಹೀಗೆ ಎಷ್ಟೋ ಸಲ ಪ್ರಯತ್ನಿಸಿ ಕೈಬಿಡುತ್ತದೆ, ಆಮೇಲೆ ಆಪರೇಟಿಂಗ್ ಸಿಸ್ಟಮ್ ಮತ್ತೊಮ್ಮೆ ಕೇಳುತ್ತದೆ. ಪರದೆ ಅಲುಗಾಡದೆ ನಿಂತಂತೆ ಕಾಣುವುದು ಇದರಿಂದಲೇ.

ಬೇಸರವಾಗುವುದು ಯಾವಾಗ ಅಂದರೆ, ಇಂಥ ಹೊತ್ತಲ್ಲಿ ವಿಂಡೋಸನ್ನೇ ಮತ್ತೆ ಹಾಕಿಬಿಡಿ ಅಂತ ಸಲಹೆ ಕೊಟ್ಟಾಗ. ಎಷ್ಟೋ ಸಲ ಅದು ಕೆಲಸ ಮಾಡುತ್ತದೆ ಕೂಡ. ಹೊಸ ಫೈಲ್‌ಗಳು ಬೇರೆ ಸೆಕ್ಟರ್‌ಗಳಿಗೆ ಹೋಗುತ್ತವೆ, ಕೆಟ್ಟವಕ್ಕೆ ಬದಲಿ ಬರುತ್ತದೆ, ಕಂಪ್ಯೂಟರ್ ಎದ್ದು ಕೂರುತ್ತದೆ. ಡಿಸ್ಕ್ ಸರಿಯಾಯಿತು ಅಂದುಕೊಳ್ಳುತ್ತೇವೆ. ಸವೆಯುತ್ತಿರುವ ಡಿಸ್ಕ್ ಸವೆಯುತ್ತಲೇ ಇರುತ್ತದೆ, ಹಳೆಯ ಡೇಟಾದ ಮೇಲೆ ಹೊಸದು ಬರೆದಾಗಿರುತ್ತದೆ.

ಮೊದಲು ನೋಡಬೇಕಾದದ್ದು ಸ್ಮಾರ್ಟ್ ವರದಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ ಅದು. ಪೆನ್ ಡ್ರೈವ್‌ನಿಂದ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಬೂಟ್ ಮಾಡಿ 'ಸ್ಮಾರ್ಟ್‌ಸಿಟಿಎಲ್' ಎಂಬ ಆದೇಶ ಕೊಟ್ಟರೆ ಸಿಗುತ್ತದೆ. ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಜೋಡಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶದಲ್ಲೂ ನೋಡಬಹುದು. ಹಾಗೆ ಜೋಡಿಸಿದಾಗ 'ಫಾರ್ಮ್ಯಾಟ್ ಮಾಡಲೇ?' ಅಂತ ವಿಂಡೋಸ್ ಕೇಳಿದರೆ ಬೇಡ ಅನ್ನಿ. ವರದಿಯ ಒಂದೊಂದು ಸಾಲಿಗೂ ಒಂದು ಐಡಿ ಸಂಖ್ಯೆ ಇರುತ್ತದೆ; ಆ ಸಂಖ್ಯೆಯ ಪ್ರಕಾರ 5ನೇ ಸಾಲು ಬದಲಿ ಹಾಕಿದ ಸೆಕ್ಟರ್‌ಗಳ ಎಣಿಕೆ, 197 ಪೆಂಡಿಂಗ್ ಇರುವವು, 198 ಡಿಸ್ಕ್ ತಾನೇ ಪರೀಕ್ಷಿಸಿಕೊಂಡಾಗ ಓದಲಾಗದೆ ಹೋದವು. 197ರ ಎದುರು ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ ತಡಮಾಡಬೇಡಿ. 199 ಅಂದರೆ ಡಿಸ್ಕ್ ಮತ್ತು ಕಂಪ್ಯೂಟರ್ ನಡುವೆ ಡೇಟಾ ಸಾಗುವಾಗ ಆದ ತಪ್ಪುಗಳು. ಅದು ಮಾತ್ರ ಏರುತ್ತಿದ್ದು ಉಳಿದವು ಸೊನ್ನೆಯಾಗಿದ್ದರೆ ಡಿಸ್ಕ್‌ಗಿಂತ ಮೊದಲು ಅವೆರಡನ್ನು ಜೋಡಿಸುವ ಸಾಟಾ ಕೇಬಲ್ ಬದಲಿಸಿ ನೋಡಿ.

ವರದಿಯಲ್ಲಿ 'ಪಾಸ್ಡ್' ಎಂದಿದ್ದರೆ ಅದನ್ನೇ ನಂಬಿ ಕೂರಬೇಡಿ. ಗೂಗಲ್ 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿತು. ಮೇಲ್ಮೈ ಸ್ಕ್ಯಾನ್‌ನಲ್ಲಿ ಮೊದಲ ತಪ್ಪು ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ತಪ್ಪು ಕಾಣದವುಗಳಿಗಿಂತ 39 ಪಟ್ಟು ಹೆಚ್ಚು ಎಂದು ಅದರಲ್ಲಿತ್ತು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ ಎಂಬುದೂ ಅದರಲ್ಲೇ ಇತ್ತು.

ಡಿಸ್ಕ್ ಹೋಗುತ್ತಿದೆ ಅನ್ನಿಸಿದರೆ ಮೊದಲು ಕಾಪಿ, ಆಮೇಲೆ ರಿಪೇರಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ವಿಂಡೋಸ್‌ನ ಡಿಸ್ಕ್ ತಪಾಸಣೆ ಸಾಧನ 'ಚೆಕ್‌ಡಿಸ್ಕ್' ಅನ್ನು ಬ್ಯಾಡ್ ಸೆಕ್ಟರ್ ಹುಡುಕುವ ಆಯ್ಕೆಯೊಂದಿಗೆ ಓಡಿಸಿದರೆ ಅದು ಇಡೀ ಡಿಸ್ಕನ್ನು ಓದುತ್ತಾ, ಕೋಷ್ಟಕಗಳನ್ನು ತಿದ್ದುತ್ತಾ ಹೋಗುತ್ತದೆ. ದಣಿದ ಡಿಸ್ಕ್‌ಗೆ ಅದು ದೊಡ್ಡ ಹೊರೆ. ಅದರ ಬದಲು ಲಿನಕ್ಸ್‌ನಲ್ಲಿ 'ಡಿಡಿರೆಸ್ಕ್ಯೂ' ಬಳಸಿ. ಅದು ಸುಲಭವಾಗಿ ಓದಲಾಗುವುದನ್ನೆಲ್ಲ ಮೊದಲು ಇನ್ನೊಂದು ಡಿಸ್ಕ್‌ಗೆ ಎತ್ತಿಕೊಳ್ಳುತ್ತದೆ, ತಕರಾರು ಮಾಡುವ ಜಾಗಗಳನ್ನು ಗುರುತು ಹಾಕಿಕೊಂಡು ಕೊನೆಯಲ್ಲಿ ಪ್ರಯತ್ನಿಸುತ್ತದೆ. ಎಲ್ಲಿವರೆಗೆ ಓದಿದೆ ಎಂದು ಬರೆದಿಡಲು ಒಂದು ಮ್ಯಾಪ್ ಫೈಲ್ ಕೊಟ್ಟಿದ್ದರೆ ನಡುವೆ ನಿಂತರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಯಾವುದು ಹಳೆಯ ಡಿಸ್ಕ್, ಯಾವುದು ಹೊಸದು ಅಂತ ಎರಡೆರಡು ಸಲ ನೋಡಿ ಎಂಟರ್ ಒತ್ತಿ. ಅದಲುಬದಲಾದರೆ ಖಾಲಿ ಡಿಸ್ಕ್ ಬಂದು ನಿಮ್ಮ ಡೇಟಾದ ಮೇಲೆ ಕೂರುತ್ತದೆ.

ಡಿಸ್ಕ್‌ನಿಂದ ಟಕ್ ಟಕ್ ಅಂತ ಸದ್ದು ಬರುತ್ತಿದ್ದರೆ ಇದ್ಯಾವುದನ್ನೂ ಮಾಡಬೇಡಿ. ಆಗ ತೊಂದರೆ ಹೆಚ್ಚಾಗಿ ಹೆಡ್‌ನದ್ದು. ಪವರ್ ತೆಗೆದು, ಡೇಟಾ ರಿಕವರಿ ಮಾಡುವವರಿಗೇ ಒಪ್ಪಿಸಿ. ಹಾರ್ಡ್ ಡಿಸ್ಕ್‌ನ ಬದಲಿಗೆ ಬರುವ ಎಸ್‌ಎಸ್‌ಡಿಯಲ್ಲಿ ತಟ್ಟೆ, ಹೆಡ್ ಎರಡೂ ಇಲ್ಲ, ಸದ್ದೂ ಇಲ್ಲ. ಅಲ್ಲಿ ಕೆಡುವುದು ಫ್ಲ್ಯಾಶ್ ಮೆಮೊರಿಯ ಬ್ಲಾಕ್‌ಗಳು. ಏನೂ ಸೂಚನೆ ಕೊಡದೆ ಒಂದು ದಿನ, ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ಬಯಾಸ್‌ನಲ್ಲಿ ಅದರ ಹೆಸರೇ ಕಾಣಿಸದೆ ಹೋಗಬಹುದು.

ಕಾಪಿ ಸುರಕ್ಷಿತವಾಗಿ ಕೈಸೇರಿದ ಮೇಲೆ ಹಳೆಯ ಡಿಸ್ಕ್‌ನ ತುಂಬ ಸೊನ್ನೆ ಬರೆದು ವರದಿಯನ್ನು ಮತ್ತೆ ನೋಡಿ. ಪೆಂಡಿಂಗ್ ಸೊನ್ನೆಗೆ ಇಳಿದು 5ನೇ ಸಾಲು ಏರದಿದ್ದರೆ ಬಹುಶಃ ಕರೆಂಟ್ ಹೋದಾಗಿನ ಕೆಡುಕು ಅದು. ಮುಖ್ಯವಲ್ಲದ ಕೆಲಸಕ್ಕೆ ಇಟ್ಟುಕೊಳ್ಳಬಹುದು. 5ನೇ ಸಾಲು ಏರುತ್ತಲೇ ಹೋದರೆ ಆ ಡಿಸ್ಕ್‌ನಲ್ಲಿ ಇನ್ನೇನನ್ನೂ ಇಡಬೇಡಿ.