ಎರಡು ಸೋಲಿನ ಲೆಕ್ಕ: ಡಬಲ್ ಎಲಿಮಿನೇಷನ್ ಎಷ್ಟು ನ್ಯಾಯ?

2021ರ ಅಕ್ಟೋಬರ್ 17ರಂದು ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಡೋಟಾ 2 ಎಂಬ ಕಂಪ್ಯೂಟರ್ ಆಟದ ಅತಿದೊಡ್ಡ ಪಂದ್ಯಾವಳಿ ‘ದಿ ಇಂಟರ್‌ನ್ಯಾಷನಲ್’ನ ಹತ್ತನೇ ಆವೃತ್ತಿಯ ಗ್ರ್ಯಾಂಡ್ ಫೈನಲ್ ನಡೆಯಿತು. ಚೀನಾದ ಪಿಎಸ್‌ಜಿ.ಎಲ್‌ಜಿಡಿ ತಂಡ ಮುಖ್ಯ ಹಂತದಲ್ಲಿ ಒಂದು ಸರಣಿಯನ್ನೂ ಸೋಲದೆ ಅಲ್ಲಿಗೆ ಬಂದಿತ್ತು. ಎದುರಾಳಿ ಟೀಮ್ ಸ್ಪಿರಿಟ್ ಮೊದಲ ಸರಣಿಯಲ್ಲೇ ಇನ್ವಿಕ್ಟಸ್ ಗೇಮಿಂಗ್‌ಗೆ ಸೋತು, ಒಮ್ಮೆ ಸೋತವರು ಆಡುವ ಕೆಳಗಿನ ಬ್ರಾಕೆಟ್‌ಗೆ ಬಿದ್ದಿತ್ತು. ಅಲ್ಲಿ ಸಾಲಾಗಿ ಐದು ಸರಣಿ ಗೆದ್ದು ಮೇಲೆದ್ದು ಬಂದಿತ್ತು. ಫೈನಲ್ ಸ್ಪಿರಿಟ್ ಪಾಲಾಯಿತು, 3-2. ಗೆದ್ದವರಿಗೆ ಸುಮಾರು 1.82 ಕೋಟಿ ಡಾಲರ್, ಸೋತವರಿಗೆ ಸುಮಾರು 52 ಲಕ್ಷ ಡಾಲರ್.

ಈಗ ಎರಡೂ ತಂಡಗಳ ಸೋಲನ್ನು ಎಣಿಸಿ. ಮುಖ್ಯ ಹಂತದಲ್ಲಿ ಸ್ಪಿರಿಟ್ ಸೋತದ್ದು ಒಂದು ಸರಣಿ. ಎಲ್‌ಜಿಡಿ ಸೋತದ್ದೂ ಒಂದೇ ಸರಣಿ. ‘ಎರಡು ಸಲ ಸೋತರೆ ಮಾತ್ರ ಮನೆಗೆ’ ಎಂಬುದು ಈ ಪದ್ಧತಿಯ ಮೂಲ ಮಾತು. ಹಾಗಿದ್ದರೆ ಎಲ್‌ಜಿಡಿಯ ಎರಡನೇ ಅವಕಾಶ ಎಲ್ಲಿ ಹೋಯಿತು? ಡಬಲ್ ಎಲಿಮಿನೇಷನ್ ಕಲಿಯುವವರು ಮೊದಲು ಈ ಪ್ರಶ್ನೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು ಎಂದು ನನಗೆ ಅನಿಸುತ್ತದೆ.

ಮೊದಲು ಪದ್ಧತಿ ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ. ಸಾಮಾನ್ಯವಾಗಿ ಎಲ್ಲರೂ ಮೇಲಿನ ಬ್ರಾಕೆಟ್‌ನಲ್ಲಿ ಆರಂಭಿಸುತ್ತಾರೆ. ಅಲ್ಲಿ ಸೋತವರು ಕೆಳಗಿನ ಬ್ರಾಕೆಟ್‌ಗೆ ಇಳಿಯುತ್ತಾರೆ, ಅಲ್ಲಿಯೂ ಸೋತರೆ ಹೊರಗೆ. ಕೊನೆಗೆ ಮೇಲೆ ಉಳಿದ ಒಬ್ಬರು ಮತ್ತು ಕೆಳಗೆ ಉಳಿದ ಒಬ್ಬರು ಗ್ರ್ಯಾಂಡ್ ಫೈನಲ್ ಆಡುತ್ತಾರೆ. ಒಟ್ಟು ಪಂದ್ಯಗಳ ಸಂಖ್ಯೆಯನ್ನು ನೆನಪಿಡಲು ಸೂತ್ರ ಬಾಯಿಪಾಠ ಮಾಡಬೇಕಿಲ್ಲ. ಪ್ರತಿ ಪಂದ್ಯದಲ್ಲಿ ಒಂದು ಸೋಲು ಹುಟ್ಟುತ್ತದೆ. 16 ತಂಡಗಳಿದ್ದರೆ ಚಾಂಪಿಯನ್ ಬಿಟ್ಟು ಉಳಿದ 15 ತಂಡಗಳು ತಲಾ ಎರಡು ಸಲ ಸೋಲಬೇಕು, ಅಂದರೆ 30 ಪಂದ್ಯ. ಚಾಂಪಿಯನ್ ಕೂಡ ಒಮ್ಮೆ ಸೋತಿದ್ದರೆ 31. ಸಾದಾ ನಾಕೌಟ್‌ನಲ್ಲಿ ಇದು 15ಕ್ಕೇ ಮುಗಿಯುತ್ತದೆ.

ಈ ಲೆಕ್ಕವನ್ನು ಬುಕಾರೆಸ್ಟ್ ಫೈನಲ್‌ಗೆ ಹಚ್ಚಿದರೆ ತೊಡಕು ತಾನಾಗಿಯೇ ಬಯಲಾಗುತ್ತದೆ. ಅಲ್ಲಿ ರನ್ನರ್ ಅಪ್ ಒಮ್ಮೆ ಮಾತ್ರ ಸೋತ ತಂಡ, ಅಂದರೆ ಒಂದು ಸೋಲು ಲೆಕ್ಕಕ್ಕೆ ಬರಲೇ ಇಲ್ಲ. ಇಬ್ಬರು ಎದುರುಬದುರು ಹೊಡೆದಾಡುವ ಫೈಟಿಂಗ್ ಗೇಮ್‌ಗಳ ಲೋಕದಲ್ಲಿ, ಅಂದರೆ ‘ಇವೊ’ದಂಥ ಪಂದ್ಯಾವಳಿಗಳಲ್ಲಿ, ಈ ತಪ್ಪನ್ನು ಬ್ರಾಕೆಟ್ ರೀಸೆಟ್ ಸರಿಪಡಿಸುತ್ತದೆ. ಕೆಳಗಿನಿಂದ ಬಂದವರು ಮೊದಲ ಸೆಟ್, ಅಂದರೆ ಹಲವು ಗೇಮ್‌ಗಳ ಸರಣಿ, ಗೆದ್ದರೆ ಇಬ್ಬರ ಹೆಸರಿನಲ್ಲೂ ಒಂದೊಂದು ಸೋಲು ಇರುತ್ತದೆ. ಆಗ ಇನ್ನೊಂದು ಪೂರ್ಣ ಸೆಟ್ ಆಡಿ ತೀರ್ಮಾನ. ಡೋಟಾದಲ್ಲಿ ಇದನ್ನೇಕೆ ಮಾಡುವುದಿಲ್ಲ ಎಂದರೆ ಕಾರಣ ಗಡಿಯಾರದಲ್ಲಿದೆ. ಫೈಟಿಂಗ್ ಗೇಮ್‌ನ ಒಂದು ಸೆಟ್ ಕೆಲವೇ ನಿಮಿಷಗಳ ಮಾತು. ಡೋಟಾದ ಒಂದೊಂದು ಗೇಮ್ ಮುಕ್ಕಾಲು ಗಂಟೆ ಹಿಡಿಯುವುದು ಸಾಮಾನ್ಯ. ಐದು ಗೇಮ್‌ಗಳ ಫೈನಲ್ ಅನ್ನು ಎರಡು ಸಲ ಆಡಿಸಿದರೆ ಹತ್ತು ಗೇಮ್ ಆಗಬಹುದು. ಪ್ರಸಾರಕ್ಕೂ ಅದು ಒಗ್ಗುವುದಿಲ್ಲ, ಆಟಗಾರರ ಮೈಗೂ ಒಗ್ಗುವುದಿಲ್ಲ.

ಕನ್ನಡಿಗರಿಗೆ ಈ ನೋವು ಹೊಸದೇನಲ್ಲ. ಐಪಿಎಲ್ ಪ್ಲೇಆಫ್ ಕೂಡ ಇದೇ ಜಾತಿಯದು: ಲೀಗ್‌ನಲ್ಲಿ ಮೊದಲೆರಡು ಸ್ಥಾನ ಪಡೆದವರಿಗೆ ಎರಡು ಜೀವ, ಮೂರು ಮತ್ತು ನಾಲ್ಕನೆಯವರಿಗೆ ಒಂದೇ. 2016ರಲ್ಲಿ ಆರ್‌ಸಿಬಿ ಮೊದಲ ಕ್ವಾಲಿಫೈಯರ್ ಗೆದ್ದು ನೇರವಾಗಿ ಫೈನಲ್ ತಲುಪಿತು. ಹೈದರಾಬಾದ್ ತಂಡ ಎಲಿಮಿನೇಟರ್‌ನಿಂದ ಹೊರಟು ಬಂತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನಲ್ಲಿ ಆರ್‌ಸಿಬಿ 8 ರನ್‌ಗಳಿಂದ ಸೋತಿತು. ಆ ಪ್ಲೇಆಫ್‌ನಲ್ಲಿ ಅದಕ್ಕಾದ ಸೋಲು ಅದೊಂದೇ. ಬಳಸದೆ ಉಳಿದಿದ್ದ ಎರಡನೇ ಜೀವಕ್ಕೆ ಫೈನಲ್‌ನಲ್ಲಿ ಬೆಲೆ ಇರಲಿಲ್ಲ.

ಹಾಗಾದರೆ ರೀಸೆಟ್ ಇಟ್ಟರೆ ನ್ಯಾಯ ಸಿಕ್ಕಂತೆಯೇ? ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಲೆಕ್ಕ ಹಾಕಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಇಬ್ಬರೂ ಸಮಬಲರು ಎಂದುಕೊಳ್ಳಿ. ರೀಸೆಟ್ ಇದ್ದರೆ ಮೇಲಿನಿಂದ ಬಂದವರು ಎರಡೂ ಸೆಟ್ ಸೋತಾಗ ಮಾತ್ರ ಪ್ರಶಸ್ತಿ ಕೈತಪ್ಪುತ್ತದೆ: 1 − 0.5 × 0.5 = 0.75. ಇದು ಸಹಜ ಎನ್ನಿಸಬಹುದು. ಈಗ ಮೇಲಿನಿಂದ ಬಂದವರೇ ದುರ್ಬಲರು, ಅವರು ಒಂದು ಸೆಟ್ ಗೆಲ್ಲುವ ಸಂಭವ ಶೇ. 40 ಎಂದುಕೊಳ್ಳಿ. 1 − 0.6 × 0.6 = 0.64. ದುರ್ಬಲರ ಕೈಗೆ ಶೇ. 64ರಷ್ಟು ಅವಕಾಶ! ರೀಸೆಟ್ ಕಾಪಾಡುವುದು ಕೊಟ್ಟ ಮಾತನ್ನು. ಅತ್ಯುತ್ತಮರನ್ನು ಆರಿಸುವುದು ಬೇರೆಯೇ ಕೆಲಸ. ‘ನ್ಯಾಯ’ ಎಂಬ ಒಂದೇ ಪದದಲ್ಲಿ ನಾವು ಇವೆರಡನ್ನೂ ಕಲಸಿಬಿಡುತ್ತೇವೆ.

ನಡುವಿನ ದಾರಿಗಳೂ ಇವೆ. ಐದು ಗೇಮ್‌ಗಳ ಫೈನಲ್‌ನಲ್ಲಿ ಮೇಲಿನವರಿಗೆ ಮೊದಲೇ 1-0 ಮುನ್ನಡೆ ಕೊಟ್ಟರೆ, ಸಮಬಲರ ನಡುವೆ ಅವರ ಅವಕಾಶ 11/16, ಅಂದರೆ ಶೇ. 68.75. ವ್ಯಾಲರಂಟ್ ಎಂಬ ಶೂಟಿಂಗ್ ಆಟದ ದೊಡ್ಡ ಪಂದ್ಯಾವಳಿಗಳಲ್ಲಿ ಮೇಲಿನ ಬ್ರಾಕೆಟ್‌ನಿಂದ ಬಂದ ತಂಡಕ್ಕೆ ಫೈನಲ್‌ನಲ್ಲಿ ಎರಡು ಮ್ಯಾಪ್‌ಗಳನ್ನು ಕೈಬಿಡುವ ಹಕ್ಕು ಕೊಟ್ಟದ್ದುಂಟು. ಅಂಕ ಸೊನ್ನೆಯಿಂದಲೇ ಆರಂಭವಾಗುತ್ತದೆ, ಆದರೆ ಆಡುವ ನೆಲವನ್ನು ಆರಿಸುವ ಮಾತು ಮೇಲಿನವರದು. ಇವುಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾದದ್ದು ಇದೇ.

ಒಪ್ಪಿಗೆಯಾಗದ್ದು ಎಂದರೆ ಅಮೆರಿಕದ ಎಂಎಲ್‌ಜಿ ಪಂದ್ಯಾವಳಿಗಳಲ್ಲಿ ಸ್ಟಾರ್‌ಕ್ರಾಫ್ಟ್ 2 ಎಂಬ ಕಂಪ್ಯೂಟರ್ ಆಟದ ಆಟಗಾರರು ಅನುಭವಿಸಿದ ವಿಸ್ತೃತ ಸರಣಿಯ ನಿಯಮ. ಹಿಂದೆ ಎದುರಾಗಿದ್ದ ಇಬ್ಬರು ಕೆಳಗಿನ ಬ್ರಾಕೆಟ್‌ನಲ್ಲಿ ಮತ್ತೆ ಸಿಕ್ಕರೆ ಹಳೆಯ ಅಂಕ ಹಾಗೆಯೇ ಮುಂದುವರಿದು ಏಳು ಗೇಮ್‌ಗಳ ಸರಣಿಯಾಗುತ್ತಿತ್ತು. ಹಿಂದೆ 2-0ಯಿಂದ ಗೆದ್ದವರಿಗೆ ಇನ್ನು ಎರಡು ಸಾಕು, ಸೋತವರಿಗೆ ನಾಲ್ಕು ಬೇಕು. ಸಮಬಲರ ನಡುವೆ ಇದು 26/32, ಶೇ. 81ಕ್ಕಿಂತ ಹೆಚ್ಚು. ಕೆಳಗಿಳಿದಾಗಲೇ ಒಮ್ಮೆ ತೆತ್ತ ದಂಡವನ್ನು ಎರಡನೇ ಸಲ ವಸೂಲಿ ಮಾಡಿದಂತೆ. ಆಟಗಾರರು ಮತ್ತು ನೋಡುಗರು ಇದನ್ನು ಬಹಳ ಟೀಕಿಸಿದರು, ಮುಂದೆ ನಿಯಮವೂ ಹೋಯಿತು.

ಈಗ ಕಾಗದ ತೆಗೆದುಕೊಳ್ಳಿ. ನಾಲ್ಕು ತಂಡಗಳು, ಪ್ರತಿ ಪಂದ್ಯವೂ ಒಂದೇ ಗೇಮ್. ‘ಅ’ ತಂಡ ಯಾರನ್ನಾದರೂ ಸೋಲಿಸುವ ಸಂಭವ 0.6. ಸಾದಾ ನಾಕೌಟ್‌ನಲ್ಲಿ ಅದು ಚಾಂಪಿಯನ್ ಆಗುವ ಸಂಭವ 0.6 × 0.6 = 0.36.

ರೀಸೆಟ್ ಇಲ್ಲದ ಡಬಲ್ ಎಲಿಮಿನೇಷನ್‌ನಲ್ಲಿ ‘ಅ’ಗೆ ಮೂರು ದಾರಿ. ಎಲ್ಲವನ್ನೂ ಗೆಲ್ಲುವುದು: 0.216. ಮೊದಲನೆಯದನ್ನು ಗೆದ್ದು ಮೇಲಿನ ಫೈನಲ್ ಸೋತು, ಆಮೇಲೆ ಎರಡನ್ನೂ ಗೆಲ್ಲುವುದು: 0.6 × 0.4 × 0.6 × 0.6 = 0.0864. ಮೊದಲನೆಯದನ್ನೇ ಸೋತು ಮುಂದಿನ ಮೂರನ್ನೂ ಗೆಲ್ಲುವುದು: 0.4 × 0.216, ಅದೂ 0.0864. ಒಟ್ಟು 0.3888. ರೀಸೆಟ್ ಸೇರಿಸಿದರೆ 0.406ರ ಆಸುಪಾಸು.

ಮೊದಲ ಸಲ ಈ ಉತ್ತರ ಬಂದಾಗ ಎಲ್ಲೋ ತಪ್ಪಿದೆ ಎಂದು ಮತ್ತೆ ಗುಣಿಸಿ ನೋಡಿದೆ. ತಪ್ಪಿರಲಿಲ್ಲ. ಪಂದ್ಯಗಳು ಮೂರರಿಂದ ಆರು ಅಥವಾ ಏಳಕ್ಕೆ ಏರಿದರೂ ಬಲಿಷ್ಠ ತಂಡಕ್ಕೆ ಸಿಕ್ಕ ಲಾಭ ನೂರಕ್ಕೆ ಮೂರರಿಂದ ಐದು ಸಲದಷ್ಟು ಮಾತ್ರ. ಎರಡನೇ ಅವಕಾಶವನ್ನೇ ಕೊಡದೆ, ಸಾದಾ ನಾಕೌಟ್‌ನ ಪ್ರತಿ ಪಂದ್ಯವನ್ನು ಮೂರು ಗೇಮ್‌ಗಳ ಸರಣಿ ಮಾಡಿದರೆ ಏನಾಗುತ್ತದೆ? ಒಂದು ಸರಣಿ ಗೆಲ್ಲುವ ಸಂಭವ 0.648, ಎರಡು ಸುತ್ತಿಗೆ 0.42. ಸರಾಸರಿ ಏಳೂವರೆ ಗೇಮ್ ಆಡಿಸಿದರೆ ರೀಸೆಟ್‌ಗಿಂತ ತುಸು ಹೆಚ್ಚೇ ನಿಖರತೆ ಸಿಗುತ್ತದೆ.

ಹಾಗೆಂದು ಡಬಲ್ ಎಲಿಮಿನೇಷನ್ ವ್ಯರ್ಥವಲ್ಲ. ಅದರ ನಿಜವಾದ ಉಪಕಾರ ಕಾಣುವುದು ಎರಡು, ಮೂರನೇ ಸ್ಥಾನಗಳಲ್ಲಿ. ಅತ್ಯುತ್ತಮ ತಂಡ ಮತ್ತು ಎರಡನೇ ಅತ್ಯುತ್ತಮ ತಂಡ ಮೊದಲ ಸುತ್ತಿನಲ್ಲೇ ಎದುರಾದರೆ ಸಾದಾ ನಾಕೌಟ್‌ನಲ್ಲಿ ಒಂದು ತಂಡ ಬೆಳಿಗ್ಗೆಯೇ ಚೀಲ ಕಟ್ಟಬೇಕು. ಇಲ್ಲಿ ಯಾರಿಗೆ ಯಾರು ಎದುರಾಳಿ ಎಂದು ಗೊತ್ತುಮಾಡುವ ಡ್ರಾದಿಂದಾದ ಅನ್ಯಾಯವನ್ನು ಕೆಳಗಿನ ಬ್ರಾಕೆಟ್ ತೊಳೆಯುತ್ತದೆ. ಕುಸ್ತಿಯ ರೆಪೆಶಾಜ್ ಕೂಡ ಇದನ್ನೇ ಅರ್ಧಮಟ್ಟಕ್ಕೆ ಮಾಡುತ್ತದೆ: ಫೈನಲ್ ತಲುಪಿದವರಿಗೆ ಸೋತವರಿಗಷ್ಟೇ ಮರುಅವಕಾಶ, ಅದೂ ಕಂಚಿನವರೆಗೆ ಮಾತ್ರ. 2016ರಲ್ಲಿ ರಿಯೊದಲ್ಲಿ ಸಾಕ್ಷಿ ಮಲಿಕ್ ಪದಕ ಗೆದ್ದದ್ದು ಈ ದಾರಿಯಲ್ಲೇ. ಇ-ಸ್ಪೋರ್ಟ್ಸ್‌ನ ಕೆಳಗಿನ ಬ್ರಾಕೆಟ್ ಇನ್ನೂ ಉದಾರ. ಫೈಟಿಂಗ್ ಗೇಮ್‌ಗಳ ಚರಿತ್ರೆಯಲ್ಲಿ ಅತಿ ಹೆಚ್ಚು ನೆನೆಯುವ ಗಳಿಗೆ, 2004ರ ಇವೊದಲ್ಲಿ ಡೈಗೊ ಉಮೆಹಾರ ಜಸ್ಟಿನ್ ವಾಂಗ್‌ನ ಹೊಡೆತಗಳನ್ನು ಒಂದೂ ಬಿಡದೆ ತಡೆದದ್ದು, ನಡೆದದ್ದು ಕೆಳಗಿನ ಬ್ರಾಕೆಟ್‌ನ ಫೈನಲ್‌ನಲ್ಲಿ. ಸಾದಾ ನಾಕೌಟ್ ಆಗಿದ್ದರೆ ಆ ಪಂದ್ಯವೇ ಇರುತ್ತಿರಲಿಲ್ಲ. ಅಂದು ಗ್ರ್ಯಾಂಡ್ ಫೈನಲ್‌ನಲ್ಲಿ ಡೈಗೊ ಸೋತರು ಎಂಬುದು ಹಲವರಿಗೆ ನೆನಪಿಲ್ಲ.

ಬುಕಾರೆಸ್ಟ್‌ಗೆ ಇನ್ನೊಮ್ಮೆ ಮರಳುತ್ತೇನೆ, ಏಕೆಂದರೆ ಫೈನಲ್‌ನ ಗದ್ದಲದಲ್ಲಿ ಅಲ್ಲಿನ ಇನ್ನೊಂದು ಅಸಮತೆ ಮರೆತುಹೋಗುತ್ತದೆ. ಗುಂಪು ಹಂತದಲ್ಲಿ ಹಿಂದೆ ಬಿದ್ದ ಎಂಟು ತಂಡಗಳು ಮುಖ್ಯ ಹಂತವನ್ನು ಕೆಳಗಿನ ಬ್ರಾಕೆಟ್‌ನಲ್ಲೇ ಆರಂಭಿಸಿದವು. ಅವುಗಳಿಗೆ ಒಂದೇ ಜೀವ, ಮೊದಲ ಸುತ್ತಿಗೆ ಒಂದೇ ಗೇಮ್. ವರ್ಷವಿಡೀ ದುಡಿದ ತಂಡವೊಂದು ಮುಕ್ಕಾಲು ಗಂಟೆಯ ಒಂದು ಗೇಮ್‌ನಲ್ಲಿ ಮುಗಿದುಹೋಗಬಹುದಿತ್ತು. ಗುಂಪಿನ ಫಲಿತಾಂಶಕ್ಕೆ ಬೆಲೆ ಇರಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಮೇಲಿನ ಲೆಕ್ಕವೇ ಹೇಳುವಂತೆ ಒಂದು ಗೇಮ್‌ನಲ್ಲಿ ಅದೃಷ್ಟದ ಪಾಲು ಹೆಚ್ಚು. ಒಂದೇ ಜೀವ ಇರುವವರಿಗೇ ಅತಿ ಚಿಕ್ಕ ಪಂದ್ಯ ಕೊಡುವುದು ನನ್ನ ಮಟ್ಟಿಗೆ ಫೈನಲ್‌ನ ಪ್ರಶ್ನೆಗಿಂತ ದೊಡ್ಡ ಅನ್ಯಾಯ.

ಅಭ್ಯಾಸಕ್ಕೆ: 0.6ರ ಬದಲು 0.7 ಇಟ್ಟು ಅದೇ ನಾಲ್ಕು ತಂಡಗಳ ಲೆಕ್ಕ ಮಾಡಿ. ಸಾದಾ ನಾಕೌಟ್‌ಗೆ 0.49, ರೀಸೆಟ್ ಇಲ್ಲದೆ 0.549, ರೀಸೆಟ್‌ನೊಂದಿಗೆ 0.59, ಮೂರು ಗೇಮ್‌ಗಳ ನಾಕೌಟ್‌ಗೆ 0.615 ಬರಬೇಕು. ಬರದಿದ್ದರೆ, ಮೊದಲ ಪಂದ್ಯ ಸೋತ ದಾರಿಯಲ್ಲಿ ಒಂದು ಗೆಲುವನ್ನು ಎಣಿಸಲು ಮರೆತಿದ್ದೀರಾ ಎಂದು ನೋಡಿಕೊಳ್ಳಿ.